ಹಳೆಯ ಬಟ್ಟೆಯ ಕೌದಿ: ಯಾವ ಬಟ್ಟೆ ಹಾಕಬೇಕು, ಯಾವುದು ಕೂಡದು

ಹಿಂಗಾರಿ ಜೋಳದ ರಾಶಿ ಮುಗಿದು ಕಣ ಖಾಲಿಯಾದ ಮೇಲೆ ಮುಂಗಾರಿ ಬಿತ್ತನೆಯವರೆಗೆ ಒಕ್ಕಲುತನದ ಮನೆಗಳಲ್ಲಿ ಸ್ವಲ್ಪ ಬಿಡುವು ದೊರೆಯುತ್ತದೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಈ ದಿನಗಳಲ್ಲಿ ಪಡಸಾಲೆಯಲ್ಲಿ ಹಳೆಯ ಸೀರೆ ಹಾಸಿ, ಸುತ್ತಲೂ ಕುಳಿತು ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ಈಗಲೂ ಕಾಣಬಹುದು. ಹಳೆ ಮೈಸೂರಿನ ಕಡೆ ಇದನ್ನೇ ಬೊಂತೆ ಎನ್ನುವುದುಂಟು. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ ಇವೂ ಇದೇ ಜಾತಿಯವು. ಸವೆದ ಬಟ್ಟೆಯನ್ನು ಪದರು ಪದರಾಗಿ ಹಾಸಿ ದಾರದಿಂದ ಹಿಡಿದಿಡುವುದೇ ಎಲ್ಲದರ ಮೂಲ ತತ್ವ.

ಕೌದಿ ಹೊಲಿಯುವುದು ಹೇಗೆಂದು ಹಳ್ಳಿಯ ಮನೆಗಳಿಗೆ ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ. ಆದರೆ ಕೌದಿಗೆ ಸೇರುವ ಬಟ್ಟೆ ಈಗ ಬದಲಾಗಿದೆ. ಹಿಂದೆ ಮನೆಯಲ್ಲಿ ಸವೆಯುವುದೆಲ್ಲ ಹತ್ತಿಯ ಬಟ್ಟೆಯೇ ಆಗಿತ್ತು. ಸೀರೆ, ಧೋತರ, ಪಟಗ, ಅಂಗಿ ಯಾವುದನ್ನು ಹಾಕಿದರೂ ನಡೆಯುತ್ತಿತ್ತು. ಈಗ ಹಳೆಯ ಬಟ್ಟೆಯ ಗಂಟಿನಲ್ಲಿ ಪಾಲಿಯೆಸ್ಟರ್ ಸೀರೆ, ಟೆರಿಕಾಟ್ ಪ್ಯಾಂಟು, ಬೀಜದ ಕಂಪನಿಯ ಬಟ್ಟೆ ಚೀಲ, ಔಷಧಿ ಹೊಡೆಯುವಾಗ ತೊಟ್ಟ ಅಂಗಿ ಎಲ್ಲವೂ ಇರುತ್ತವೆ. ಒಮ್ಮೆ ಕೌದಿಯ ಒಳಗೆ ಸೇರಿದ ಬಟ್ಟೆ ಹತ್ತು ವರ್ಷ ಮನುಷ್ಯನ ಮೈಗೆ ತಾಗಿಕೊಂಡಿರುತ್ತದೆ. ಆದ್ದರಿಂದ ಸೂಜಿ ಹಿಡಿಯುವ ಮೊದಲು ಗಂಟು ಬಿಚ್ಚಿ ವಿಂಗಡಿಸುವ ಕೆಲಸಕ್ಕೆ ಹೆಚ್ಚು ಗಮನ ಕೊಡಬೇಕು.

ಕೌದಿ ಬೆಚ್ಚಗಿಡುವುದು ಹೇಗೆ?

ಬಟ್ಟೆಯಿಂದ ಶಾಖ ಹುಟ್ಟುವುದಿಲ್ಲ. ಮೈಯ ಶಾಖ ಹೊರಗೆ ಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಈ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಪದರುಗಳ ನಡುವೆ ಅಲುಗಾಡದೆ ನಿಂತಿರುವ ಗಾಳಿ. ಒಂದೇ ದಪ್ಪ ಜಮಖಾನೆಗಿಂತ ನಾಲ್ಕು ತೆಳು ಸೀರೆಗಳ ಪದರು ಬೆಚ್ಚಗಿರುವುದು ಈ ಕಾರಣದಿಂದ. ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುತ್ತದೆಯಷ್ಟೆ. ಆ ಉಬ್ಬಿನಲ್ಲಿಯೇ ಗಾಳಿ ನಿಲ್ಲುತ್ತದೆ. ಸಾಲುಗಳನ್ನು ತೀರ ಒತ್ತಾಗಿ ಹಾಕಿದರೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ, ಬೆಚ್ಚಗೂ ಇರುವುದಿಲ್ಲ. ತೀರ ವಿರಳವಾದರೆ ಒಳಗಿನ ತುಂಡುಗಳು ಒಗೆಯುವಾಗ ಮುದುಡಿ ಒಂದು ಕಡೆ ಗಂಟಾಗುತ್ತವೆ. ಬೆರಳಗಲದ ಅಂತರ, ಅಂದರೆ ಸುಮಾರು 2 ಸೆಂ.ಮೀ., ಸರಿಯಾದ ಅಳತೆ. ಅಜ್ಜಿಯಂದಿರು ಬೆರಳಿಟ್ಟು ನೋಡುತ್ತಿದ್ದುದೂ ಇಷ್ಟೇ.

ಹತ್ತಿಯೇ ಏಕೆ ಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಹತ್ತಿಯ ನಾರು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡ 7ರಿಂದ 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡ ಅರ್ಧಕ್ಕಿಂತಲೂ ಕಡಿಮೆ. ರಾತ್ರಿ ಮಲಗಿದಾಗ ಮೈಯಿಂದ ಹೊರಡುವ ಬೆವರಿನ ತೇವವನ್ನು ಹತ್ತಿ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರದೆ ಬಿಡುವುದರಿಂದ ಮೈ ಜಿಗುಟಾಗುತ್ತದೆ. ಬೆಂಕಿಯ ವಿಷಯದಲ್ಲಿ ಎರಡೂ ಉರಿಯುವ ಬಟ್ಟೆಗಳೇ ಆದರೂ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆಯ ಬಳಿ ಮಲಗುವ ವೃದ್ಧರ, ಮಕ್ಕಳ ಕೌದಿಗೆ ಇದು ಸಲ್ಲದು.

ಬಟ್ಟೆಯ ವಿಂಗಡಣೆ

ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಎಂಬುದು ಕೈಗೆ ತಿಳಿಯದಿದ್ದರೆ ಅಂಚಿನಿಂದ ನಾಲ್ಕಾರು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಬಯಲಿನಲ್ಲಿ ಕಡ್ಡಿ ಗೀರಿ ಸುಟ್ಟು ನೋಡಬೇಕು. ಹತ್ತಿಯ ಎಳೆ ಕಾಗದದಂತೆ ಉರಿದು, ಸುಟ್ಟ ಕಾಗದದ ವಾಸನೆ ಕೊಟ್ಟು, ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಸುಟ್ಟ ಕೂದಲಿನಂತೆ ನಾರುತ್ತವೆ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತೆ ಉಳಿಯುತ್ತದೆ. ಬೆರಳಿನಿಂದ ಒತ್ತಿದರೂ ಪುಡಿಯಾಗುವುದಿಲ್ಲ. ಮಿಶ್ರ ಬಟ್ಟೆಯಲ್ಲಿ ಬೂದಿಯೂ ಗಟ್ಟಿ ಮಣಿಯೂ ಎರಡೂ ಕಾಣುತ್ತವೆ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದಾಗಿದ್ದು ಸೆರಗು ಬೇರೆ ನೂಲಿನದಾಗಿರಬಹುದಾದ್ದರಿಂದ ಎರಡು ಕಡೆಯಿಂದಲೂ ಎಳೆ ತೆಗೆದು ನೋಡುವುದು ಒಳ್ಳೆಯದು.

ಅನಂತರ ಬಟ್ಟೆಯ ಕಸುವು ನೋಡಬೇಕು. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಜಗ್ಗಬೇಕು. ತಾಳಿದ್ದು ಮೇಲುಹೊದಿಕೆಗೆ, ಪಿಸಿಯುವುದು ಒಳಪದರಿಗೆ. ಸೀರೆಯಲ್ಲಿ ಕುಳಿತೆದ್ದು ಸವೆಯುವ ನಡುಭಾಗ ಮೊದಲು ಸೋಲುತ್ತದೆ. ಸೆರಗು ಮತ್ತು ಒಳಗೆ ಸಿಕ್ಕಿಸುವ ತುದಿ ಬಹುಕಾಲ ಗಟ್ಟಿಯಾಗಿರುತ್ತವೆ. ಧೋತರವೂ ಹಾಗೆಯೇ. ಅಂಚುಗಳನ್ನು ಬಿಚ್ಚಿ ತೆಗೆದಿಟ್ಟರೆ ಕೌದಿಯ ಸುತ್ತಲಿನ ಪಟ್ಟಿಗೆ ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ಬಣ್ಣ ಬಿಡುವ ಬಟ್ಟೆಯನ್ನು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ಗುರುತಿಸಬಹುದು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ನಂಬಿ ಕೂಡಬಾರದು. ಬಣ್ಣ ಬಿಡುವುದು ನಿಲ್ಲುವವರೆಗೆ ಮೂರು ನಾಲ್ಕು ಸಲ ಒಗೆಯುವುದೇ ದಾರಿ. ಆಗಲೂ ಬಿಡುತ್ತಿದ್ದರೆ ಬೇರೆ ಕೆಲಸಕ್ಕೆ ಇಡಬೇಕು.

ಇಲ್ಲಿ ಒಂದು ಮಾತು. ಹಳೆಯ ಸೀರೆ ಕೊಟ್ಟು ಸ್ಟೀಲಿನ ಪಾತ್ರೆ ಕೊಳ್ಳುವ ಪದ್ಧತಿ ಬಹಳ ಊರುಗಳಲ್ಲಿದೆ. ಜೂಲು ಬಿದ್ದ ಪಾಲಿಯೆಸ್ಟರ್ ಸೀರೆಯನ್ನು ಹೀಗೆ ಕೊಟ್ಟರೆ ನಷ್ಟವೇನೂ ಇಲ್ಲ. ಹತ್ತಿಯದನ್ನು ಕೊಡುವಾಗ ಮಾತ್ರ ಯೋಚಿಸಬೇಕು. ಬೀಜಸಹಿತ ಹತ್ತಿಯಲ್ಲಿ ಅರಳೆ ಇರುವುದು ಮೂರನೆಯ ಒಂದು ಪಾಲು. ಅಂದರೆ ಅರ್ಧ ಕಿ.ಗ್ರಾಂ. ತೂಗುವ ಒಂದು ಸೀರೆಯಲ್ಲಿ ಒಂದೂವರೆ ಕಿ.ಗ್ರಾಂ.ಗೂ ಹೆಚ್ಚು ಹತ್ತಿಯ ಬೆಳೆ, ಅದನ್ನು ಬಿಡಿಸಿದವರ ಕೂಲಿ, ನೂತು ನೇಯ್ದವರ ದುಡಿಮೆ ಅಡಗಿರುತ್ತದೆ. ಸವೆದಿದ್ದರೂ ಅದರ ನಾರು ಇನ್ನೂ ಹತ್ತು ವರ್ಷ ದುಡಿಯಬಲ್ಲದು.

ಸಿಂಪರಣೆಯ ಬಟ್ಟೆ ಕೌದಿಗೆ ಬೇಡ

ಕೀಟನಾಶಕ ಸಿಂಪಡಿಸುವವರ ಮೈಗೆ ವಿಷ ಸೇರುವ ಮುಖ್ಯ ಮಾರ್ಗ ಚರ್ಮ. ಬೆನ್ನಿಗೆ ಕಟ್ಟುವ ಪಂಪು ಸೋರಿದರೆ ಅಂಗಿಯ ಬೆನ್ನು, ಬೆಳೆಯ ನಡುವೆ ನಡೆಯುವಾಗ ಲುಂಗಿ ಅಥವಾ ಪ್ಯಾಂಟಿನ ಮುಂಭಾಗ ತೊಯ್ಯುತ್ತವೆ. ಸಿಂಪರಣೆಗೆಂದು ಹೆಚ್ಚಿನ ರೈತರು ತೊಡುವುದು ಮನೆಯಲ್ಲಿರುವ ಅತಿ ಹಳೆಯ ಬಟ್ಟೆಯನ್ನೇ. ಆ ಬಟ್ಟೆ ಇನ್ನೊಂದು ಹಂಗಾಮು ಕಳೆದು ಹರಿದಾಗ ನೇರವಾಗಿ ಕೌದಿಯ ಗಂಟಿಗೆ ಹೋಗುತ್ತದೆ. ಅದು ಹೊಲದಲ್ಲಿ ಏನು ಕುಡಿದಿದೆ ಎಂಬುದು ಹೊಲಿಯುವವರಿಗೆ ತಿಳಿಯುವುದಿಲ್ಲ. ಗಂಟು ಕಟ್ಟಿಟ್ಟ ಅತ್ತೆಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಔಷಧಿ ಹೊಡೆದವರಿಗೆ ಮಾತ್ರ. ಅವರು ಹೇಳದೆ ಹೋದರೆ ಬೇರೆ ದಾರಿಯಿಲ್ಲ.

ಒಗೆದರೆ ಹೋಗುವುದಿಲ್ಲವೇ ಎಂದು ಕೇಳಬಹುದು. ಒಗೆತದಿಂದ ವಿಷ ಕಡಿಮೆಯಾಗುತ್ತದೆ, ಪೂರ್ಣವಾಗಿ ಹೋಗುವುದಿಲ್ಲ. ನೀರಿನಲ್ಲಿ ಕದಡುವ ಪುಡಿಯ ರೂಪದ ಔಷಧಿಗಳು ಸ್ವಲ್ಪ ಸುಲಭವಾಗಿ ಬಿಡುತ್ತವೆ. ನೀರಿಗೆ ಹಾಕಿದ ಕೂಡಲೇ ಹಾಲಿನಂತಾಗುವ ಎಣ್ಣೆಯ ರೂಪದ ಔಷಧಿಗಳು ನಾರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಡಬ್ಬಿಯಲ್ಲಿನ ಗಟ್ಟಿ ಔಷಧಿಯೇ ಚೆಲ್ಲಿ ನೆನೆದ ಬಟ್ಟೆಯನ್ನಂತೂ ಎಷ್ಟು ಸಲ ಒಗೆದರೂ ನಂಬುವಂತಿಲ್ಲ. ಅದನ್ನು ಮತ್ತೆ ತೊಡಲೇಬಾರದು. ಕೌದಿಯ ಒಳಗೆ ಸೇರಿದ ಬಟ್ಟೆಗೆ ಬಿಸಿಲೂ ಸಾಬೂನೂ ಸರಿಯಾಗಿ ತಲಪುವುದಿಲ್ಲ ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು.

ಅಪಾಯ ಹೆಚ್ಚು ಇರುವುದು ಎಳೆಯ ಮಕ್ಕಳಿಗೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತೀರ್ಣ ದೊಡ್ಡವರದಕ್ಕಿಂತ ಹೆಚ್ಚು. ಮಗು ದಿನದ ಬಹುಭಾಗ ಹಾಸಿಗೆಯ ಮೇಲೆಯೇ ಇರುತ್ತದೆ, ಉಚ್ಚೆಯಿಂದ ಅದು ತೊಯ್ದಿರುತ್ತದೆ, ಅಂಚನ್ನು ಬಾಯಿಗಿಟ್ಟು ಚೀಪುತ್ತದೆ. ತೊಟ್ಟಿಲಿಗೆ ಹಾಕುವ ಸಣ್ಣ ಕೌದಿಗೆ ಮೆತ್ತಗಿನ ಬಟ್ಟೆ ಬೇಕೆಂದು ಅತಿ ಸವೆದ ಅಂಗಿಯನ್ನೇ ಹುಡುಕಿ ಹಾಕುವ ಪದ್ಧತಿಯಿರುವುದರಿಂದ ಈ ಎಚ್ಚರಿಕೆ ಅವಶ್ಯ.

ಇದಕ್ಕೆ ಸುಲಭವಾದ ಉಪಾಯವೊಂದಿದೆ. ಸಿಂಪರಣೆಗೆ ಒಂದು ಜೊತೆ ಬಟ್ಟೆಯನ್ನು ಬೇರೆಯಾಗಿಯೇ ಗೊತ್ತು ಮಾಡಿ, ಕೊರಳಪಟ್ಟಿಗೂ ಸೊಂಟದ ಪಟ್ಟಿಗೂ ಕೆಂಪು ದಾರದಿಂದ ನಾಲ್ಕು ದೊಡ್ಡ ಹೊಲಿಗೆ ಹಾಕಬೇಕು. ಕೆಂಪು ದಾರವಿದ್ದದ್ದು ಮನೆಯ ಉಳಿದ ಬಟ್ಟೆಗಳೊಡನೆ ಸೇರಕೂಡದು. ಅದನ್ನು ಅದೇ ದಿನ, ಬೇರೆ ಬಕೆಟ್ಟಿನಲ್ಲಿ, ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು ಮತ್ತು ಸಾಬೂನು ಪುಡಿಯಿಂದ ಒಗೆದು, ಬಿಸಿಲಿನಲ್ಲಿ ಒಣಗಿಸಬೇಕು. ಒಗೆಯುವವರು ಕೈಗೆ ರಬ್ಬರಿನ ಕೈಚೀಲ ಹಾಕಿಕೊಳ್ಳಬೇಕು. ಒಗೆದ ನೀರನ್ನು ಹಳ್ಳಕ್ಕೆ, ದನಗಳ ತೊಟ್ಟಿಯ ಬಳಿ ಚೆಲ್ಲಬಾರದು. ಹರಿದ ಮೇಲೆ ಆ ಬಟ್ಟೆಯನ್ನು ಒಲೆಗೂ ಹಾಕದೆ, ಬಾವಿ ಹಳ್ಳಗಳಿಂದ ದೂರ ಆಳವಾಗಿ ಹೂಳಬೇಕು.

ಬೀಜೋಪಚಾರ ಮಾಡಿದ ಬೀಜದ ಚೀಲವೂ ಇದೇ ಗುಂಪಿಗೆ ಸೇರಿದ್ದು. ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ ಬೀಜವೆಂದರೆ ಅದಕ್ಕೆ ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಲೇಪಿಸಿರುತ್ತಾರೆ. ಚೀಲ ಗಟ್ಟಿಯಾದ ಬಿಳಿ ಬಟ್ಟೆಯದಾಗಿದ್ದು ಆಸೆ ಹುಟ್ಟಿಸುತ್ತದೆ. ಆದರೂ ಅದು ಚಡ್ಡಿಗೂ ಬೇಡ, ದಿಂಬಿಗೂ ಬೇಡ, ಹಿಟ್ಟು ಕಟ್ಟಿಡುವುದಕ್ಕಂತೂ ಕೂಡದು. ಕೀಟನಾಶಕಗಳ ಖಾಲಿ ಡಬ್ಬಿ ಚೀಲಗಳನ್ನು ಮತ್ತೆ ಬಳಕೆಗೆ ಸಿಗದಂತೆ ನಾಶಪಡಿಸಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲಿಯೇ ಇದೆ.

ಅಳತೆ, ದಾರ, ಹೊಲಿಗೆ

ಒಬ್ಬರು ಹೊದೆಯುವ ಕೌದಿಗೆ 2 ಮೀ. ಉದ್ದ, ಸೀರೆಯ ಪನ್ನದಷ್ಟೇ ಅಂದರೆ ಸುಮಾರು 1.15 ಮೀ. ಅಗಲ ಸಾಕು. ಆರು ಗಜದ ಸೀರೆ 5.5 ಮೀ.ನಷ್ಟು ಬರುತ್ತದೆ, ಅದರಲ್ಲಿ ಎರಡು ಪದರು ಆಗಿ ಒಂದೂವರೆ ಮೀಟರ್ ತುಂಡು ಉಳಿಯುತ್ತದೆ. ಒಂಬತ್ತು ಗಜದ ಸೀರೆಯಲ್ಲಿ ನಾಲ್ಕು ಪದರೂ ಸಿಗುತ್ತವೆ. ನಾಲ್ಕು ಪದರಿನ ಕೌದಿ ನಮ್ಮ ಬಯಲುಸೀಮೆಯ ಚಳಿಗೆ ಸಾಕಾಗುತ್ತದೆ. ವಿಜಯಪುರದ ಕಡೆ ಡಿಸೆಂಬರ್, ಜನವರಿಯ ಕೆಲವು ನಸುಕುಗಳಲ್ಲಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಆಗ ಎರಡು ಕೌದಿ ಹೊದೆಯಬಹುದು. ಎಂಟು ಹತ್ತು ಪದರಿನ ಒಂದೇ ದಪ್ಪ ಕೌದಿ ಹೊಲಿಯುವುದು ಜಾಣತನವಲ್ಲ. ನೆನೆದಾಗ ಹತ್ತಿ ತನ್ನ ತೂಕದಷ್ಟೋ ಅದಕ್ಕಿಂತ ಹೆಚ್ಚೋ ನೀರು ಹಿಡಿಯುತ್ತದೆ. ಅಂಥ ಕೌದಿಯನ್ನು ಎತ್ತಿ ಹಿಂಡಲು ಇಬ್ಬರು ಬೇಕು, ಒಣಗಲು ಎರಡು ದಿನ ಬೇಕು. ಕಡೆಗೆ ಅದನ್ನು ಒಗೆಯುವುದನ್ನೇ ಬಿಟ್ಟುಬಿಡುತ್ತಾರೆ.

ದಾರದ ಲೆಕ್ಕವೂ ಕಠಿಣವಲ್ಲ. ಕೌದಿಯ ವಿಸ್ತೀರ್ಣ 2.3 ಚದರ ಮೀಟರ್. ಸಾಲುಗಳ ಅಂತರ 2 ಸೆಂ.ಮೀ. ಆದರೆ ಒಟ್ಟು ಹೊಲಿಗೆ 115 ಮೀ. ಉದ್ದ ಬರುತ್ತದೆ. ಪದರುಗಳನ್ನು ದಾಟುವುದಕ್ಕೆ, ಗಂಟುಗಳಿಗೆ ಐದನೆಯ ಒಂದು ಪಾಲು ಸೇರಿಸಿದರೆ ಸುಮಾರು 140 ಮೀ.; ಜೋಡು ಎಳೆಯಾದರೆ 280 ಮೀ. ದಾರವೂ ಹತ್ತಿಯದೇ ಇರಬೇಕು. ನೈಲಾನ್ ದಾರ ಹರಿಯುವುದಿಲ್ಲವೆಂದು ಕೆಲವರು ಅದನ್ನು ಬಳಸುತ್ತಾರೆ. ಸವೆದು ಮೆತ್ತಗಾದ ಬಟ್ಟೆಯನ್ನು ಆ ದಾರವೇ ಕೊಯ್ಯುತ್ತದೆ.

ಮೊದಲು ಎಲ್ಲ ಬಟ್ಟೆಗಳನ್ನೂ ಒಗೆದು ಒಣಗಿಸಿ, ಗುಂಡಿ, ಹುಕ್ಕು, ದಪ್ಪ ಮಡಿಕೆಗಳನ್ನು ತೆಗೆಯಬೇಕು. ತಳದ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ ನಾಲ್ಕು ಮೂಲೆಗೂ ತೂಕ ಇಡಬೇಕು. ಒಳಗೆ ಹಾಕುವ ತುಂಡುಗಳು ಒಂದರ ಅಂಚಿನ ಮೇಲೆ ಒಂದು ಎರಡು ಬೆರಳಿನಷ್ಟು ಏರುವಂತಿರಲಿ, ಆದರೆ ಒಂದೇ ಜಾಗದಲ್ಲಿ ಮೂರು ಅಂಚು ಕೂಡದಂತೆ ನೋಡಬೇಕು. ಇಲ್ಲವಾದರೆ ಅಲ್ಲಿ ದಿಂಡು ಕಟ್ಟಿ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಎಲ್ಲ ತುಂಡುಗಳ ನೂಲಿನ ಉದ್ದದ ದಿಕ್ಕು ಒಂದೇ ಕಡೆ ಬಂದರೆ ಕೌದಿ ಸೊಟ್ಟಗಾಗುವುದಿಲ್ಲ. ಮೇಲಿನ ಸೀರೆ ಹಾಸಿದ ಮೇಲೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ ಪದರುಗಳನ್ನು ಹಿಡಿದಿಡಬೇಕು. ಆಮೇಲೆ ಓಟದ ಹೊಲಿಗೆ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಕ್ಕೆ ಬರಬಹುದು, ನೇರ ಸಾಲುಗಳನ್ನೂ ಹಾಕಬಹುದು. ದಾರ ಎರಡಕ್ಕೂ ಒಂದೇ.

ಕೆಲವು ಕಡೆ ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುತ್ತಾರೆ. ಕೂಲಿಯನ್ನು ಚೌಕಾಶಿ ಮಾಡುವವರು ಮೇಲಿನ ಲೆಕ್ಕವನ್ನು ಒಮ್ಮೆ ನೋಡಬೇಕು. ಒಂದು ಟಾಕಿಗೆ ಒಂದು ಸೆಂ.ಮೀ. ಎಂದರೂ 115 ಮೀಟರಿಗೆ 11,500 ಟಾಕಿ. ಗಂಟೆಗೆ ಆರು ಮೀಟರ್ ಹೊಲಿಯುತ್ತಾರೆಂದು ಹಿಡಿದರೆ 19 ಗಂಟೆಯ ಕೆಲಸ. ಹೊಲದ ಕೂಲಿಯ ಲೆಕ್ಕದಲ್ಲಿ ಇದು ಎರಡೂವರೆ ದಿನದ ಆಳು. ವಿಂಗಡಿಸಿ ಹಾಸಿದ ಹೊತ್ತು ಬೇರೆ.

ಸಿದ್ದಿಯರ ಕವಂದಿ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗೆ ಕವಂದಿ ಎಂದು ಹೆಸರು. ಆಫ್ರಿಕ ಮೂಲದ ಈ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಮತಗಳವರಿದ್ದಾರೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕವಂದಿಯಲ್ಲಿ ತುಂಡುಗಳನ್ನು ಮೊದಲೇ ಕೂಡಿಸಿಕೊಳ್ಳುವುದಿಲ್ಲ. ತಳಕ್ಕೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ತುಂಡುಗಳನ್ನು ಇಡುತ್ತ, ಅಂಚು ಮಡಚುತ್ತ, ಅಲ್ಲಿಂದಲ್ಲಿಗೆ ಹೊಲಿಯುತ್ತ, ಸುತ್ತು ಬಂದು ನಡುವಿನಲ್ಲಿ ಮುಗಿಸುತ್ತಾರೆ. ತೇಪೆ ಕೂಡಿಸುವ ಹೊಲಿಗೆಯೇ ಪದರು ಹಿಡಿಯುವ ಹೊಲಿಗೆಯೂ ಆಗುವುದರಿಂದ ಕೆಲಸ ಉಳಿಯುತ್ತದೆ. ಅಂಗೈಯಗಲದ ತುಂಡುಗಳೂ ಬಳಕೆಗೆ ಬರುತ್ತವೆ. ಕಡೆಯಲ್ಲಿ ನಾಲ್ಕು ಮೂಲೆಗೂ ಮಡಚಿದ ಸಣ್ಣ ಮುಕ್ಕೋನಗಳನ್ನು ಇಡುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು ಎಂದು ಹೆಸರು. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರು 2004ರಿಂದ ಈ ಕೆಲಸವನ್ನು ಅಭ್ಯಸಿಸಿದ ಮೇಲೆ ಕವಂದಿಗಳು ಹೊರದೇಶಗಳ ಪ್ರದರ್ಶನಗಳಿಗೂ ಹೋದವು. ಬಯಲುಸೀಮೆಯ ಮನೆಗಳೂ ಈ ಕ್ರಮವನ್ನು ಧಾರಾಳವಾಗಿ ಅನುಸರಿಸಬಹುದು. ದೊಡ್ಡ ಸೀರೆಗಳು ಸಿಗದೆ ಬರಿಯ ಅಂಗಿ, ಲಂಗದ ತುಂಡುಗಳೇ ಉಳಿದಾಗ ಇದಕ್ಕಿಂತ ಅನುಕೂಲವಾದ ಕ್ರಮ ಇಲ್ಲ.

ಕುಂಚಿಗೆ, ಲಂಗ, ವೇಷದ ಉಡುಪು

ಕೂಸಿಗೆ ಹೊಲಿಯುವ ಕುಂಚಿಗೆಗೆ ಮೇಲೆ ಖಣ ಹಾಕಿದರೂ ಒಳಗೆ ಹಳೆಯ ಧೋತರವೇ ಇರಬೇಕು. ಹೊಸ ಬಟ್ಟೆಯಲ್ಲಿ ನೇಯ್ಗೆಯ ಗಂಜಿ ಇರುತ್ತದೆ. ಹಲವು ಸಲ ಒಗೆದದ್ದರಲ್ಲಿ ಅದು ಹೋಗಿ ನಾರು ಮೆತ್ತಗಾಗಿರುತ್ತದೆ. ಹುಟ್ಟಿದ ಮಗುವನ್ನು ಹಳೆಯ ಬಟ್ಟೆಯಲ್ಲಿ ಸುತ್ತುವ ಪದ್ಧತಿಗೆ ಇದೇ ಆಧಾರ. ಆದರೆ ಆ ಬಟ್ಟೆ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಿದ್ದಾಗಿರಬೇಕು. ಮಲಗಿದ ಕೂಸಿನ ಮುಖದ ಮೇಲೆ ಮಾತ್ರ ಕೌದಿ ಎಳೆಯಕೂಡದು.

ಸೆರಗು ಗಟ್ಟಿಯಿರುವ ಸೀರೆಯಲ್ಲಿ ಹುಡುಗಿಗೆ ಲಂಗ ಚೆನ್ನಾಗಿ ಆಗುತ್ತದೆ. ಅಂಚನ್ನು ಕೆಳಗೆ ಬರುವಂತಿಟ್ಟು, ಸೊಂಟದ ಕೆಳಗೆ ನಾಲ್ಕು ಬೆರಳಿನ ಮಡಿಕೆಯೊಂದನ್ನು ಬಿಟ್ಟು ಹೊಲಿದರೆ, ಮಗು ಬೆಳೆದಂತೆ ಬಿಚ್ಚುತ್ತ ಎರಡು ವರ್ಷ ಉಡಿಸಬಹುದು. ಶಾಲೆಯ ಸಮ್ಮೇಳನಕ್ಕೆ ಕಿತ್ತೂರು ಚೆನ್ನಮ್ಮನ ವೇಷ, ಸಂಗೊಳ್ಳಿ ರಾಯಣ್ಣನ ವೇಷ ಎಂದು ಬಾಡಿಗೆ ತರುವುದಕ್ಕಿಂತ ಇಳಕಲ್ ಸೀರೆ, ಅಜ್ಜನ ಪಟಗ ಸಾಕು. ಇದಕ್ಕೆ ಕತ್ತರಿ ಹಾಕಬೇಕಾಗಿಲ್ಲ. ಕಚ್ಚಾ ಹೊಲಿಗೆ ಹಾಕಿ, ಮರುದಿನ ದಾರ ಎಳೆದರೆ ಬಟ್ಟೆ ಮೊದಲಿನಂತಾಗುತ್ತದೆ. ದೀಪ ಹಚ್ಚುವ ವೇದಿಕೆಯ ಮೇಲೆ ನೇತಾಡುವ ತೆಳು ಸೆರಗು ಬೇಡ, ಅದರಲ್ಲೂ ಕರಗುವ ಜಾತಿಯ ಬಟ್ಟೆ ಬೇಡವೇ ಬೇಡ.

ಕೌದಿಯ ಜೋಪಾನ

ಕೌದಿಯನ್ನು ವರ್ಷಕ್ಕೆ ಎರಡು ಸಲವಾದರೂ ಒಗೆಯಬೇಕು. ಚಳಿಗಾಲ ಕಳೆದ ಮೇಲೆ ಒಂದು ಸಲ, ದಸರೆಗೆ ಮುಂಚೆ ಒಂದು ಸಲ. ಗಂಜಿ ಹಾಕಬಾರದು, ಗಂಜಿಯ ಆಸೆಗೆ ಬೆಳ್ಳಿಮೀನು ಹುಳು ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಕಜ್ಜಿ ಆಗಿದ್ದರೆ ಅವರ ಹೊದಿಕೆಯನ್ನು ಕುದಿನೀರಿನಲ್ಲಿ ನೆನೆಸಿ ಒಗೆಯುವುದು ಅವಶ್ಯ. ಮಳೆಗಾಲದಲ್ಲಿ ತೇವವಿರುವಾಗಲೇ ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಬೂಸಲು ಹಿಡಿಯುತ್ತದೆ. ಸಾಲಿನಲ್ಲಿ ದಾರ ಹರಿದ ಕಡೆ ಕೂಡಲೇ ಹೊಲಿಯದಿದ್ದರೆ ಒಂದೇ ಒಗೆತದಲ್ಲಿ ಒಳಗಿನ ತುಂಡು ಮುದುಡಿಕೊಳ್ಳುತ್ತದೆ.

ಮೇಲಿನ ಸೀರೆ ಹರಿದರೆ ಅದನ್ನು ಕೀಳದೆ ಅದರ ಮೇಲೆಯೇ ಮತ್ತೊಂದನ್ನು ಹಾಸಿ ಹೊಲಿಯಬಹುದು. ಎರಡು ಮೂರು ಸಲ ಹೀಗೆ ಆದ ಮೇಲೆ ಕೌದಿ ಬಹಳ ಭಾರವಾಗುತ್ತದೆ. ಆಗ ಅದು ಬಂಡಿಯಲ್ಲಿ ಹಾಸುವುದಕ್ಕೆ, ಚಳಿಯಲ್ಲಿ ಕರುವಿನ ಬೆನ್ನಿಗೆ ಹೊದಿಸುವುದಕ್ಕೆ ಹೋಗುತ್ತದೆ. ಅಲ್ಲಿಯೂ ಚಿಂದಿಯಾದಾಗ ಹತ್ತಿಯ ತುಂಡುಗಳನ್ನು ಹರಿದು ಸಗಣಿ ಕಸದೊಡನೆ ತಿಪ್ಪೆಗುಂಡಿಗೆ ಹಾಕಿದರೆ ಗೊಬ್ಬರದಲ್ಲಿ ಕೊಳೆತು ಸೇರುತ್ತವೆ. ಮುಂದೆ ಗೊಬ್ಬರ ತೆಗೆಯುವಾಗ ಗುದ್ದಲಿಗೆ ಸುತ್ತಿಕೊಂಡು ಬರುವ ತುಂಡು ಯಾವುದಾದರೂ ಇದ್ದರೆ, ಅದು ಗಂಟು ವಿಂಗಡಿಸುವಾಗ ಕಣ್ತಪ್ಪಿ ಸೇರಿದ ಪಾಲಿಯೆಸ್ಟರ್ ಆಗಿರುತ್ತದೆ.